ಕಟ್ಟು

ಉಗ್ರಾಣದ ವಹಿಯಲ್ಲಿ ದಿನಾ ಬರೆಯುತ್ತೇನೆ:
ಕಟ್ಟುತಂತಿ, ಸುರುಳಿ ಹನ್ನೆರಡು.
ಪಡೆದವರು: ಗವಿಸಿದ್ದಪ್ಪ.
ಸಹಿಯ ಜಾಗದಲ್ಲಿ ಬರೀ ಒಂದು ಗ,
ಬಾಲ ಸುತ್ತಿಕೊಂಡು ಮಲಗಿದ ಬೆಕ್ಕಿನ ಹಾಗೆ.

ಒಮಾನಿನ ಈ ಊರಿನ ಹೆಸರು ಸೂರ್.
ಬಂದ ವಾರ ಅದಕ್ಕೇ ನಕ್ಕಿದ್ದೆವು.
ಸೂರಿಗೆ ಬಂದಾಯಿತು, ಇನ್ನೊಂದು ಸೂರು ಸಿಕ್ಕರೆ ಸಾಕು.
ಸಿಕ್ಕಿತು. ತಗಡಿನದು. ಎಂಟು ಮಂದಿಗೆ.

ಕೊಪ್ಪಳದ ಗವಿಸಿದ್ದಪ್ಪ ಸರಳು ಕಟ್ಟುವವನು.
ಇಕ್ಕಳದ ಮೂತಿಗೆ ತಂತಿ ಕಚ್ಚಿಸಿ ಎರಡು ತಿರುವು,
ಒಂದು ಕಟ್ಟು. ಸಂಜೆಯೊಳಗೆ ಎರಡು ಸಾವಿರ.
ಮೊದಲ ದಿನವೇ ಗುಲ್ ಜಮಾನ್ ಮೇಸ್ತ್ರಿ
ಕೆಳಗಿನಿಂದ ಕೂಗಿದ: "ಕಟ್! ಕಟ್!"
ಕೊಕ್ಕೆಗೆ ಸಿಕ್ಕಿಕೊಂಡ ಹಗ್ಗ ಕತ್ತರಿಸು ಅಂತ.
ಇವನು ಇನ್ನೊಂದು ಗಂಟು ಹಾಕಿದ.
ಮೇಸ್ತ್ರಿಯ ಗಂಟಲು ಏರಿದಷ್ಟೂ
ಇವನ ಗಂಟು ಬಿಗಿಯಾಯಿತು.
ಇಳಿದು ಬಂದವನು ಬೆವರೊರೆಸಿ ನನ್ನನ್ನೇ ಕೇಳಿದ:
"ಕಟ್ಟಂದ್ರ ಕಟ್ಟೂದಲ್ಲೇನ್ರೀ?"

ಆ ರಾತ್ರಿ ಕೋಣೆಯಲ್ಲಿ ಅದೇ ಮಾತು.
ಗದಗಿನ ಮಾಬುಸಾಬ ಬೆಂದ ಬೇಳೆಯ ನೀರು ಬಸಿಯುತ್ತ,
"ನಮಗ ಕಟ್ಟಂದ್ರ ಇದನೋಡು. ಬಿಗಿಯೂದಲ್ಲ, ಬಸಿಯೂದು.
ಒಗ್ಗರಣಿ ಬಿದ್ರ ಸಾರು,
ಬೀಳಲಿಲ್ಲಂದ್ರ ಮುಸುರಿ."

ಖಾರಿಯ ಆಚೆ ಧೋ ಹಡಗಿನ ಅಂಗಳದಲ್ಲಿ
ಬಡಗಿಯಾಗಿರುವ ಗಂಗೊಳ್ಳಿಯ ಸುಬ್ರಾಯ ಖಾರ್ವಿ
ಬೀಡಿ ನಂದಿಸದೆ ಹೇಳಿದ:
ದೋಣಿ ಕಟ್ತೇನೆ ಅಂದರೆ ಹೆಂಡತಿ ಫೋನಿನಲ್ಲಿ ಕೇಳುತ್ತಾಳೆ,
ಯಾವ ಕಟ್ಟೋದು?
ಹಲಗೆಗೆ ಹಲಗೆ ಕೂಡಿಸೋದಾ,
ದಡದ ಗೂಟಕ್ಕೆ ಬಿಗಿಯೋದಾ?
ಹೊರಡಿಸುವುದಕ್ಕೂ ಹೊರಡದಂತೆ ನಿಲ್ಲಿಸುವುದಕ್ಕೂ
ಒಂದೇ ಮಾತು ಇಟ್ಟವರು ಯಾರೋ,
ಸಮುದ್ರ ಕಂಡವರೇ ಇರಬೇಕು.

ಹರಳು ಕಟ್ಟುವ ರೇವಣಕರ ಬಾಯಿ ಬಿಡಲಿಲ್ಲ.
ಅವನ ಕಟ್ಟು ಕಣ್ಣಿಗೆ ಬಿದ್ದರೆ ಕೆಲಸ ಹೋಗುತ್ತದೆ.

ನನ್ನದು ಕಾಗದದ ಕಟ್ಟು.
ವೀಸಾದ ಸಾಲ ಕಟ್ಟು, ಚೀಟಿ ಕಟ್ಟು,
ತಂಗಿಯ ಮಗನ ಫೀಸು ಕಟ್ಟು.
ಗಂಟು ಬಿಚ್ಚಿದರೆ ಮಾತ್ರ ಕಟ್ಟಲಾಗುವುದು
ಇದೊಂದೇ ಅಂದೆ.
ಯಾರೂ ನಗಲಿಲ್ಲ. ಮಾಬುಸಾಬ ಇನ್ನೊಂದು ಸೌಟು ಬಡಿಸಿದ.

ಜೂನಿನಲ್ಲಿ ಫಲಕದ ಮೇಲೆ ಕಾಗದ ಅಂಟಿತು:
ಹತ್ತು ದಿನದ ಸಂಬಳ ಕಟ್.
ಆಗ ಅರ್ಥ ಕೇಳುವವರು ಇರಲಿಲ್ಲ.

ಮೂರು ವರ್ಷಕ್ಕೆ ಗವಿಸಿದ್ದಪ್ಪನಿಗೆ ರಜೆ ಬಂತು.
ಹಾಲಿನ ಪುಡಿ, ಹುಲಿಯ ಚಿತ್ರದ ಕಂಬಳಿ,
ಮಗಳಿಗೆ ಹೆಜ್ಜೆ ಇಟ್ಟರೆ ಮಿನುಗುವ ಬೂಟು,
ಎಲ್ಲ ಒಂದೇ ಪೆಟ್ಟಿಗೆಗೆ ತುಂಬಿ
ಅಡ್ಡಡ್ಡ ಉದ್ದುದ್ದ ಹಗ್ಗ ಬಿಗಿದ.
ಸರಳಿನ ಲೆಕ್ಕದಲ್ಲೇ, ಗೇಣಿಗೊಂದು ಗಂಟು.
ಹಗ್ಗ ನನ್ನ ಉಗ್ರಾಣದ್ದು. ವಹಿಗೆ ಏರಿಸಲಿಲ್ಲ.

ಮಸ್ಕತ್ತಿನ ವಿಮಾನ ನಿಲ್ದಾಣ.
ಕೌಂಟರಿನ ಹುಡುಗಿ ಉಗುರಿನಿಂದ ಹಗ್ಗ ತೋರಿಸಿ,
"ನೋ ರೋಪ್. ಕಟ್, ಪ್ಲೀಸ್" ಅಂದಳು, ಮೆಲ್ಲಗೆ.
ಈ ಸಲ ಅವನಿಗೆ ಸರಿಯಾಗಿಯೇ ಕೇಳಿಸಿತು.
ಅವಳು ಕತ್ತರಿ ಚಾಚಿದಳು. ಅವನು ತೆಗೆದುಕೊಳ್ಳಲಿಲ್ಲ.
ನೆಲದ ಮೇಲೆ ಕೂತು
ಒಂದೊಂದೇ ಗಂಟು ಬಿಚ್ಚತೊಡಗಿದ.
ಹಿಂದೆ ಸಾಲು ಗೊಣಗಿತು,
ಯಾರದೋ ಮಗು ಅವನ ಬೆರಳನ್ನೇ ನೋಡುತ್ತ ಅಳು ಮರೆಯಿತು.
"ಲೇಟಾಗ್ತದೆ ಮಾರಾಯ, ಕೊಯ್ದು ಬಿಡು" ಅಂದೆ.
"ಕಟ್ಟಿದಾಂವ ಬಿಚ್ಚಬೇಕ್ರೀ."

ಮೊಣಕೈಗೆ ಸುತ್ತಿ ಸಿಂಬೆ ಮಾಡಿ ಹಗ್ಗ ನನ್ನ ಕೈಗಿಟ್ಟ:
"ಸ್ಟೋರಿಗೆ ಜಮಾ ಮಾಡ್ರಿ."
ದನಿ ಹೊರಡಲಿಲ್ಲ ಸರಿಯಾಗಿ.
ಗಂಟಲು ಕಟ್ಟಿದೆಯಲ್ಲೋ ಅಂದರೆ
"ಏಸೀರಿ, ಏಸಿ" ಅಂದ.

ಸೂರಿಗೆ ಮರಳುವ ಬಸ್ಸಿನಲ್ಲಿ
ಮಡಿಲ ಮೇಲೆ ಆ ಸಿಂಬೆ.
ಕೊಟ್ಟದ್ದೇ ಬರೆದಿಲ್ಲ,
ಮರಳಿ ಬಂದದ್ದನ್ನು ಯಾವ ಪುಟದಲ್ಲಿ ಬರೆಯಲಿ?
ಗಂಟಿದ್ದ ಜಾಗದಲ್ಲೆಲ್ಲ
ಹಗ್ಗ ಇನ್ನೂ ಸೊಟ್ಟಗಿತ್ತು.